ಲಿಸ್ಬನ್ನಿನ ಕಲ್ಲುಹಾಸಿನ ಮೇಲೆ ನಾಲ್ಕು ದಿನ

ಲಿಸ್ಬನ್ನಿನಲ್ಲಿ ಓಡಾಡಬೇಕು ಅಂದ್ರೆ ಮೊದಲು ನೆಲ ನೋಡಿಕೊಂಡು ನಡೆಯೋದನ್ನ ಕಲೀಬೇಕು. ಫುಟ್‌ಪಾತಿನ ತುಂಬ ಅಂಗೈಯಷ್ಟೂ ಅಗಲವಿಲ್ಲದ ಬಿಳಿ ಸುಣ್ಣಕಲ್ಲಿನ ತುಂಡುಗಳು, ನಡುನಡುವೆ ಕರಿಕಲ್ಲಿನ ಚಿತ್ತಾರ. ಜನ ತುಳಿದೂ ತುಳಿದೂ ಅವು ಎಷ್ಟು ನುಣುಪಾಗಿವೆ ಅಂದ್ರೆ, ನಾಲ್ಕು ಹನಿ ಮಳೆ ಬಿತ್ತೋ, ಆಷಾಢದಲ್ಲಿ ಪಾಚಿಗಟ್ಟಿದ ನಮ್ಮನೆ ಅಂಗಳವೇ ಸರಿ. ಈ ಬಗೆಯ ಕಲ್ಲುಹಾಸು ಶುರುವಾದದ್ದು 1842ರಲ್ಲಿ, ಬೆಟ್ಟದ ಮೇಲಿನ ಕೋಟೆಯಲ್ಲಿದ್ದ ಕೈದಿಗಳ ಕೈಯಿಂದ. ಅದು ಊರವರಿಗೆ ಹಿಡಿಸಿತು, ಕೆಲವೇ ವರ್ಷಕ್ಕೆ ನಡು ಊರಿನ ರೊಸಿಯು ಚೌಕಕ್ಕೂ ಬಂತು. ಅಲ್ಲಿ ಕಪ್ಪುಬಿಳುಪಿನ ಅಲೆ ಅಲೆ. ನಿಂತು ನೋಡಿದರೆ ಸಪಾಟು ನೆಲವೇ ಏಳುತ್ತ ಬೀಳುತ್ತ ಇದೆಯೇನೋ ಅನಿಸಿ ತಲೆ ಸುತ್ತುತ್ತದೆ. 'ಅಗಲ ಕಡಲು' ಅನ್ನೋ ಅರ್ಥದ ಹೆಸರು ಆ ವಿನ್ಯಾಸಕ್ಕೆ.

ಒಬ್ಬಳೇ ಹೋಗಿದ್ದೆ. ನಾಲ್ಕು ದಿನ ಟ್ರ್ಯಾಮೂ ಬೇಡ, ಬಸ್ಸೂ ಬೇಡ, ನಡೆದೇ ನೋಡೋದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಒಬ್ಬಳೇ ಇದ್ದರೆ ಒಂದು ಅನುಕೂಲ ಏನಪ್ಪಾ ಅಂದ್ರೆ, ಯಾವ ಗಲ್ಲಿಗೆ ಬೇಕಾದರೂ ನುಗ್ಗಬಹುದು, ಒಂದು ಬೋರ್ಡಿನ ಮುಂದೆ ಕಾಲು ಗಂಟೆ ನಿಂತರೂ "ಸಾಕು ಬಾರೇ" ಅನ್ನೋರು ಇರೋದಿಲ್ಲ. ಬೋರ್ಡು ಓದೋದಂತೂ ನನಗೆ ಮೊದಲ ದಿನವೇ ಚಟವಾಗಿಬಿಟ್ಟಿತು. ಬೀಗ ರಿಪೇರಿ ಅಂಗಡಿಯ ಮೇಲೆ 'ಶಾವ್' ಅಂತಿತ್ತು, ಅದು ನಮ್ಮ ಚಾವಿ. ಹೋಟೆಲಿನಲ್ಲಿ ಕೂರಿಸಿದ್ದು 'ಮೇಜಾ'ದ ಮುಂದೆ, ತಟ್ಟೆಯಲ್ಲಿ ಬಂದದ್ದು 'ಬತಾತಾ', ರೂಮಿನಲ್ಲಿ ಮಡಿಸಿ ಇಟ್ಟಿದ್ದು 'ತುವಾಲ್ಯಾ'. ಪಗಾರ, ಲಿಲಾವು, ಪಾದ್ರಿ ಎಲ್ಲ ಇಲ್ಲಿಂದಲೇ ಬಂದವು. ಶಿರಸಿ ಕಡೆಯವಳಾದ ನನ್ನ ಆಯಿ ಇವತ್ತಿಗೂ ಆಲೂಗಡ್ಡೆ ಅನ್ನೋದಿಲ್ಲ, ಬಟಾಟೆಯೇ. ಹೀಗಾಗಿ ಪರದೇಶಕ್ಕೆ ಬಂದಿದ್ದೇನೆ ಅನ್ನೋದಕ್ಕಿಂತ, ಯಾವುದೋ ಹಳೇ ಲೇವಾದೇವಿ ಇಟ್ಟುಕೊಂಡಿದ್ದವರ ಮನೆ ಹೊಕ್ಕಿದ್ದೇನೆ ಅನ್ನೋ ಭಾವನೆಯೇ ಬಂತು. ಆ ಲೇವಾದೇವಿ ಯಾವುದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಡಿಕೆಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ.

ಒಂದು ಅಡ್ಡಮಾತು. ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಇದೇ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ಬಂದದ್ದೇ ಹೆಸರನ್ನೂ ಕಿತ್ತುಕೊಂಡಿತು. ಹಿಂದೆ ಬರೀ 'ಮೆಣಸು' ಆಗಿದ್ದದ್ದು ಆಮೇಲೆ ಕಾಳುಮೆಣಸು, ಕರಿಮೆಣಸು, ನಮ್ಮಲ್ಲಿ ಒಳ್ಳೆಮೆಣಸು ಆಗಬೇಕಾಯ್ತು. ತನ್ನ ಮನೆಯಲ್ಲೇ ತಾನು ಒಳ್ಳೆಯವನು ಅಂತ ಹೇಳಿಕೊಳ್ಳುವ ಗತಿ ನೋಡಿ!

ಮೊದಲ ದಿನ ನಡೆದದ್ದು ಬೈಷಾದಲ್ಲಿ. ಬೈಷಾ ಅಂದರೆ ತಗ್ಗು, ಎರಡು ಗುಡ್ಡದ ನಡುವಿನ ಸಪಾಟು ಪೇಟೆ. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ, ಮನೆಗಳೆಲ್ಲ ಒಂದೇ ಎತ್ತರ. ಚಿನ್ನದವರ ಬೀದಿ, ಬೆಳ್ಳಿಯವರ ಬೀದಿ, ಚಮ್ಮಾರರ ಬೀದಿ ಅಂತ ಕಸುಬಿನ ಹೆಸರುಗಳು. ಯುರೋಪಿನ ಹಳೇ ಊರು ಅಂದ್ರೆ ಅಂಕುಡೊಂಕು ಗಲ್ಲಿ ಇರಬೇಕಲ್ಲ, ಇದೇನು ಇಷ್ಟು ಶಿಸ್ತು? ಯಾಕೆಂದರೆ ಇದು ಹಳೇ ಊರೇ ಅಲ್ಲ. ಹಳೇದು ಒಂದೇ ಬೆಳಿಗ್ಗೆಯಲ್ಲಿ ಹೋಯಿತು.

1755ರ ನವೆಂಬರ್ 1. ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಒಂಬತ್ತೂವರೆ ದಾಟಿತ್ತು, ಚರ್ಚುಗಳೆಲ್ಲ ತುಂಬಿದ್ದವು, ಪ್ರತಿ ಪೀಠದ ಮುಂದೆ ಮೇಣದಬತ್ತಿ ಉರೀತಿದ್ದವು. ಭೂಮಿ ನಡುಗಿತು. ಗೋಡೆ ಬಿದ್ದು ಸಾಯುತ್ತೇವೆ ಅಂತ ಓಡಿದವರು ಬಯಲು ಹುಡುಕಿಕೊಂಡು ಹೊಳೆದಂಡೆಗೆ ಬಂದು ನಿಂತರು. ಸುಮಾರು ಮುಕ್ಕಾಲು ಗಂಟೆಯಲ್ಲಿ ಕಡಲು ತೇಜು ನದಿಯ ಮುಖದಿಂದ ಒಳಗೆ ನುಗ್ಗಿ ಅವರನ್ನೂ ಎಳಕೊಂಡು ಹೋಯಿತು. ಇತ್ತ ಬಿದ್ದ ಮೇಣದಬತ್ತಿ, ಅಡುಗೆ ಒಲೆಗಳಿಂದ ಹೊತ್ತಿದ ಬೆಂಕಿ ಐದಾರು ದಿನ ಉರಿಯಿತು. ಸತ್ತವರು 30 ಸಾವಿರದಿಂದ 50 ಸಾವಿರ ಅಂತ ಹೆಚ್ಚಿನ ಅಂದಾಜುಗಳು. ದೇವರು ಹಬ್ಬದ ದಿನವೇ, ಪೂಜೆಯ ಹೊತ್ತಲ್ಲೇ ಹೀಗೆ ಮಾಡೋದಾ ಅನ್ನೋ ಪ್ರಶ್ನೆ ಇಡೀ ಯುರೋಪನ್ನು ಕಾಡಿತು. ಫ್ರಾನ್ಸಿನ ವೋಲ್ತೇರ್ ಅದರ ಮೇಲೆ ಒಂದು ಕಾವ್ಯವನ್ನೇ ಬರೆದ.

ರಾಜ ಒಂದನೇ ಜೋಸೆ ಬದುಕಿ ಉಳಿದ. ಆದರೆ ಕಲ್ಲಿನ ಕಟ್ಟಡದೊಳಗೆ ಮಲಗೋದಕ್ಕೆ ಆಮೇಲೆ ಅವನಿಗೆ ಧೈರ್ಯ ಬರಲೇ ಇಲ್ಲ. ಊರಾಚೆ ಅಜುಡಾ ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದ. ಊರು ಕಟ್ಟಿದ್ದು ಅವನ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಅಂತ ಹೆಸರಾದವನು. ಹೊಸ ಮನೆಗಳ ಗೋಡೆಯೊಳಗೆ ಮರದ ಪಂಜರ ಕೂರಿಸಬೇಕು ಅಂತ ಇವನ ಇಂಜಿನಿಯರುಗಳು ನಿಯಮ ಮಾಡಿದರು. ಭೂಮಿ ಅಲುಗಿದರೆ ಮರ ಬಾಗುತ್ತದೆ, ಮನೆ ಕುಸಿಯೋದಿಲ್ಲ. ಒಂದು ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ದಬದಬ ಕವಾಯತು ಮಾಡಿಸಿ ಪರೀಕ್ಷೆ ಮಾಡಿದರಂತೆ! ಪ್ರತಿ ಚರ್ಚಿನ ಪಾದ್ರಿಗೂ ಪ್ರಶ್ನೆಪಟ್ಟಿ ಕಳಿಸಿದ್ದೂ ಈ ಪೊಂಬಾಲನೇ. ಎಷ್ಟು ಹೊತ್ತು ನಡುಗಿತು, ಕಡಲು ಮೊದಲು ಏರಿತೋ ಇಳಿಯಿತೋ, ನೆಲ ಎಲ್ಲೆಲ್ಲಿ ಬಿರಿಯಿತು. ಭೂಕಂಪವನ್ನು ದೇವರ ಸಿಟ್ಟು ಅಂತ ಬಿಡದೆ ಲೆಕ್ಕ ಕೇಳಿದ ಮೊದಲಿಗರಲ್ಲಿ ಇವನೊಬ್ಬ. ಮಹಾ ಕ್ರೂರಿ ಅನ್ನೋದೂ ಸುಳ್ಳಲ್ಲ, ಆ ಕತೆ ಬೇರೆ.

ಬೈಷಾದ ಪಕ್ಕದ ಗುಡ್ಡ ಹತ್ತಿದರೆ ಕಾರ್ಮೊ ಮಠ. ಅದನ್ನು ಮಾತ್ರ ಬಿದ್ದ ಹಾಗೇ ಬಿಟ್ಟಿದ್ದಾರೆ. ಕಂಬ ಇದೆ, ಕಮಾನು ಇದೆ, ಮಾಡು ಇಲ್ಲ. ಮೇಲೆ ಬರೀ ಆಕಾಶ, ಕಲ್ಲಿನ ಪಕ್ಕೆಲುಬಿನ ನಡುವೆ ಪಾರಿವಾಳ. ಹಂಪಿ ನೋಡಿದವರಿಗೆ ಇದು ಹೊಸದೇನಲ್ಲ. ಆದರೆ ಹಂಪಿಯ ಸುತ್ತ ಬಯಲಿದೆ, ಇದರ ಸುತ್ತ ಕಾಫಿ ಅಂಗಡಿ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಠವೂ ಅಲ್ಲ, ಹೊಳೆಬದಿಯ ದೊಡ್ಡ ಚೌಕ. ಹೆಸರು ವ್ಯಾಪಾರ ಚೌಕ, ಊರವರ ಬಾಯಲ್ಲಿ ಇನ್ನೂ ತೆರೇರು ದು ಪಾಸು, ಅಂದರೆ ಅರಮನೆಯಂಗಳ. ಅರಮನೆ ಇತ್ತು, ಈಗಿಲ್ಲ. ಅದರ ಜೊತೆಗೇ 'ಕಾಜಾ ದ ಇಂಡಿಯಾ' ಇತ್ತು, ಇಂಡಿಯಾ ಮನೆ. ನಮ್ಮ ಕರಾವಳಿಯಿಂದ ಬಂದ ಮೆಣಸು ಇಳಿದು, ತೂಗಿ, ಬರೆದು, ಬೀಗ ಹಾಕುತ್ತಿದ್ದ ಜಾಗ. ಇಲ್ಲಿಂದ ಅದು ಆಂಟ್‌ವರ್ಪಿಗೆ ಹೋಗಿ ಯುರೋಪಿಗೆಲ್ಲ ಹಂಚಿಕೆಯಾಗುತ್ತಿತ್ತು. 1755ರಲ್ಲಿ ಆ ಮನೆಯೂ ಹೋಯಿತು, ಅದರ ಲೆಕ್ಕದ ಪುಸ್ತಕಗಳೂ ಹೋದವು. ಚೌಕದ ನಡುವೆ ಈಗ ಜೋಸೆ ರಾಜ ಕುದುರೆ ಮೇಲೆ ಕೂತಿದ್ದಾನೆ. 1775ರ ಪ್ರತಿಮೆ. ಪೀಠದ ಒಂದು ಮಗ್ಗುಲಲ್ಲಿ ಒಂದು ಕಲ್ಲಾನೆ ಇದೆ. ಊರಿಗೆ ಬಂದ ಮೇಲೆ ಸಿಕ್ಕ ಮೊದಲ ಪರಿಚಿತ ಮುಖ ಅದು.

ಹೊನ್ನಾವರ, ಭಟ್ಕಳ, ಬಸರೂರಿನಿಂದ ಯಾವ ವರ್ಷ ಯಾರ ತೋಟದ ಎಷ್ಟು ಮೆಣಸು ಹೋಯಿತು ಅನ್ನೋದಕ್ಕೆ ನಮ್ಮ ಕಡೆ ದಾಖಲೆ ಸಿಗೋದು ಅಪರೂಪ. ಶಾಸನಗಳು ಬಸದಿಗೆ, ದೇವಸ್ಥಾನಕ್ಕೆ ಕೊಟ್ಟ ದತ್ತಿ ಹೇಳುತ್ತವೆ, ಬಳ್ಳಿಗೆ ಏಣಿ ಹಾಕಿ ಹತ್ತಿದವನ ಹೆಸರು ಹೇಳೋದಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಅಂತ ಕರೆದವರೂ ನಾವಲ್ಲ, ಪೋರ್ಚುಗೀಸರು. 1623ರಲ್ಲಿ ಗೋವೆಯಿಂದ ಹೊನ್ನಾವರದ ಮೇಲೆ ಇಕ್ಕೇರಿಗೆ ಹೋದ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಆ ಹೆಸರನ್ನು ಬರೆದಿಟ್ಟಿದ್ದಾನೆ. ಅವನು ಬರುವ ಹೊತ್ತಿಗೆ ರಾಣಿಯ ಊರು ಹಾಳುಬಿದ್ದಿತ್ತು.

ಅವತ್ತು ರಾತ್ರಿ ಆಯಿಯ ಫೋನು. ಊಟ ಆಯ್ತಾ, ಚಳಿ ಇದ್ದಾ ಎಲ್ಲ ಮುಗಿದ ಮೇಲೆ, "ಕೂಸೇ, ಮೆಣಸಿಗೆ ಅಲ್ಲಿ ಎಷ್ಟು ರೇಟು ಇದ್ದು?" ಮಾರನೇ ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಸಣ್ಣ ಪೊಟ್ಟಣ ಹಿಡಿದು ನೋಡಿದೆ. 'ಪಿಮೆಂತಾ ಪ್ರೇತಾ', ಕರಿಮೆಣಸು. ಹಿಂದೆ ತಿರುಗಿಸಿದರೆ ಬೆಳೆದ ದೇಶ ವಿಯೆಟ್ನಾಂ. ಆಯಿಗೆ ರೇಟಷ್ಟೇ ಹೇಳಿದೆ.

ಎರಡನೇ ದಿನ ಅಲ್ಫಾಮಾ. ಇದು ನಿಜವಾದ ಹಳೇ ಊರು, ಗಟ್ಟಿ ಬಂಡೆಯ ಮೇಲಿದ್ದದ್ದಕ್ಕೆ ಭೂಕಂಪದಲ್ಲಿ ಬಹುಪಾಲು ಉಳಿಯಿತು. ಹೆಸರೇ ಅರಬ್ಬಿ, ಬಿಸಿನೀರಿನ ಬುಗ್ಗೆ ಅಂತ ಅರ್ಥ. 1147ರಲ್ಲಿ ಕ್ರೈಸ್ತರು ಗೆಲ್ಲುವ ತನಕ ಲಿಸ್ಬನ್ ಮುಸ್ಲಿಮರ ಊರು. ಗೆದ್ದಮೇಲೆ ಉಳಿದ ಮುಸ್ಲಿಮರಿಗೆ ಕೋಟೆಗುಡ್ಡದ ಆಚೆ ಮಗ್ಗುಲಲ್ಲಿ ಜಾಗ ತೋರಿಸಿದರು, ಅದೇ ಮೋರಾರಿಯಾ. ಈಗ ಅಲ್ಲಿ ಬಾಂಗ್ಲಾದವರು, ನೇಪಾಳದವರು, ನಮ್ಮವರು. ಕೊತ್ತಂಬರಿ ಸೊಪ್ಪಿನ ವಾಸನೆ ಹಿಡಿದು ಹೋದರೆ ಸಾಕು, ಮ್ಯಾಪು ಬೇಡ.

ಅಲ್ಫಾಮಾದಿಂದ ಇಳಿದು ಹೊಳೆ ಕಡೆ ಬಂದರೆ ಒಂದು ವಿಚಿತ್ರ ಮನೆ. ಮುಂಭಾಗದ ಕಲ್ಲುಗಳೆಲ್ಲ ವಜ್ರದ ಹಾಗೆ ಚೂಪಾಗಿ ಮುಂದಕ್ಕೆ ಚಾಚಿವೆ, ಹಲಸಿನ ಹಣ್ಣಿನ ಸಿಪ್ಪೆ ನೆನಪಾಗುತ್ತದೆ. ಕಾಜಾ ದುಸ್ ಬಿಕುಸ್, ಮುಳ್ಳುಗಳ ಮನೆ. 1523ರಲ್ಲಿ ಕಟ್ಟಿಸಿದವನು ಬ್ರಾಸ್ ಡಿ ಅಲ್ಬುಕರ್ಕ್, ಗೋವೆ ಗೆದ್ದ ಅಫೊನ್ಸೊ ಡಿ ಅಲ್ಬುಕರ್ಕ್‌ನ ಮಗ. ಭೂಕಂಪದಲ್ಲಿ ಮೇಲಿನ ಎರಡು ಮಹಡಿ ಬಿದ್ದವು. ಬಹಳ ಕಾಲ ಒಣಮೀನಿನ ಗೋದಾಮಾಗಿದ್ದು, 1980ರ ದಶಕದಲ್ಲಿ ಮತ್ತೆ ಮಹಡಿ ಏರಿಸಿದರು. ಈಗ ಅಲ್ಲಿ 1998ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಜೋಸೆ ಸರಮಾಗೊ ಹೆಸರಿನ ಪ್ರತಿಷ್ಠಾನ ಇದೆ. ಮನೆ ಮುಂದೆ ಒಂದು ಆಲಿವ್ ಮರ, ಅದರ ಬುಡದಲ್ಲಿ ಅವನ ಚಿತಾಭಸ್ಮ. ಅಧಿಕಾರದಲ್ಲಿದ್ದವರಿಗೆ ಜೀವಮಾನವಿಡೀ ಇರಿಸುಮುರಿಸು ಮಾಡಿದ ಲೇಖಕ, ಗೋವೆ ಗೆದ್ದವನ ಮಗನ ಮನೆಬಾಗಿಲಲ್ಲಿ ಮಲಗಿದ್ದಾನೆ.

ಆ ಮರದ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ನನಗೆ ನೆನಪಾದದ್ದು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ತಿಮೋಜ. ಸ್ವಂತ ಹಡಗುಪಡೆ ಇಟ್ಟುಕೊಂಡಿದ್ದವನು, ಕಡಲ್ಗಳ್ಳ ಅಂತ ಕೆಲವರು, ನೌಕಾಧಿಪತಿ ಅಂತ ಕೆಲವರು. 1502ರಲ್ಲಿ ಎರಡನೇ ಸಲ ಬಂದ ವಾಸ್ಕೋ ಡ ಗಾಮ ಹೊನ್ನಾವರದಲ್ಲಿ ಇವನ ಹಡಗುಗಳಿಗೆ ಬೆಂಕಿ ಹಚ್ಚಿದ, ಭಟ್ಕಳವನ್ನು ಹೆದರಿಸಿ ವರ್ಷವರ್ಷವೂ ಅಕ್ಕಿಯ ಕಪ್ಪ ಒಪ್ಪಿಸಿಕೊಂಡ. ಎಂಟೇ ವರ್ಷಕ್ಕೆ, 1510ರಲ್ಲಿ, ಅದೇ ತಿಮ್ಮಯ್ಯ ಅಲ್ಬುಕರ್ಕ್‌ನಿಗೆ ಗೋವೆಯ ದಾರಿ ತೋರಿಸಿದ. ವಿಜಾಪುರದ ಆದಿಲ್‌ಶಾಹಿಯ ಕೈಯಲ್ಲಿದ್ದ ಗೋವೆಗೆ ಈಗ ಕಾವಲು ಕಮ್ಮಿ, ಇದೇ ಸಮಯ ಅಂದ. ಒಮ್ಮೆ ಗೆದ್ದರು, ಕಳಕೊಂಡರು, ನವೆಂಬರ್ 25ಕ್ಕೆ ಮತ್ತೆ ಗೆದ್ದರು. ಆಮೇಲೆ 1961ರ ಡಿಸೆಂಬರಿನ ತನಕ, 451 ವರ್ಷ ಬಿಡಲಿಲ್ಲ. ತಿಮ್ಮಯ್ಯನನ್ನು ದ್ರೋಹಿ ಅನ್ನೋದು ಸುಲಭ. ಆದರೆ ಅವನಿಗೆ ಹಗೆ ಇದ್ದದ್ದು ಪಕ್ಕದವರ ಮೇಲೆ, ಈ ಹೊಸ ಪರದೇಶಿಯನ್ನು ನಾಲ್ಕು ದಿನಕ್ಕೆ ಬಳಸಿಕೊಂಡು ಕಳಿಸಿದರಾಯ್ತು ಅಂದುಕೊಂಡಿರಬೇಕು. ಹಾಗೆ ಅಂದುಕೊಂಡವರು ನಮ್ಮ ಕರಾವಳಿಯುದ್ದಕ್ಕೂ ಇದ್ದರು. ಅಲ್ಬುಕರ್ಕ್ ತಂದೆಯ ಕತೆಯನ್ನು ಮಗ ಬ್ರಾಸ್ 1557ರಲ್ಲಿ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ತಿಮ್ಮಯ್ಯನ ಕತೆಯನ್ನೂ ನಾವು ಅವರ ಪುಸ್ತಕಗಳಲ್ಲೇ ಓದಬೇಕು.

ಸಂಜೆ ಮತ್ತೆ ರೊಸಿಯು. ಚೌಕದ ತಲೆಯಲ್ಲಿರುವ ರಾಷ್ಟ್ರೀಯ ನಾಟಕಶಾಲೆಯ ಜಾಗದಲ್ಲಿ ಹಿಂದೆ ಇನ್‌ಕ್ವಿಸಿಷನ್ನಿನ ಅರಮನೆ ಇತ್ತು. ಅದರ ಪಕ್ಕದಲ್ಲೇ ಸಾವು ದೊಮಿಂಗುಸ್ ಚರ್ಚು. 1506ರ ಏಪ್ರಿಲ್, ಬರಗಾಲ, ಪ್ಲೇಗು. ಶಿಲುಬೆಯ ಮೇಲೆ ಬೆಳಕು ಕಂಡಿತು, ಪವಾಡ ಅಂದರು ಜನ. ಅದು ಮೇಣದಬತ್ತಿಯ ಬೆಳಕಷ್ಟೇ ಅಂದ ಒಬ್ಬ. ಅವನು 'ಹೊಸ ಕ್ರೈಸ್ತ', ಅಂದರೆ 1497ರಲ್ಲಿ ಬಲವಂತವಾಗಿ ಮತಾಂತರವಾದ ಯಹೂದಿಗಳ ಪೈಕಿ. ಅಲ್ಲೇ ಎಳೆದು ಕೊಂದರು. ಆಮೇಲೆ ಮೂರು ದಿನ ಮನೆಮನೆಗೆ ನುಗ್ಗಿ ಸಾವಿರಾರು ಮಂದಿಯನ್ನು ಕೊಂದರು. ನೆನಪಿಗೆ ಅಂತ ಚರ್ಚಿನೆದುರು ಒಂದು ಕಲ್ಲು ನಿಲ್ಲಿಸಿದ್ದಾರೆ, ಅದೂ 2008ರಲ್ಲಿ. ಐದು ನೂರು ವರ್ಷದ ಮೇಲೆ. ಕಲ್ಲು ದೊಡ್ಡದೇನಲ್ಲ, ಪಕ್ಕದಂಗಡಿಯಲ್ಲಿ ಚೆರ್ರಿ ಮದ್ಯ ಕುಡಿಯೋರು ನೋಡದೆಯೇ ದಾಟಿ ಹೋಗುತ್ತಾರೆ.

ಗಾರ್ಸಿಯಾ ಡ ಒರ್ತಾ ಇದೇ ಊರಲ್ಲಿ ಪಾಠ ಹೇಳುತ್ತಿದ್ದ ವೈದ್ಯ, ಹೊಸ ಕ್ರೈಸ್ತರ ಮನೆಯವನು. 1534ರಲ್ಲಿ ಗೋವೆಗೆ ಹಡಗು ಹತ್ತಿದ. ನಮ್ಮ ಮೆಣಸು, ಏಲಕ್ಕಿ, ಶುಂಠಿ, ಮಾವುಗಳ ಗುಣಗಳ ಮೇಲೆ ಅವನು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯ್ತು. ಇನ್‌ಕ್ವಿಸಿಷನ್ ಅವನ ಹಿಂದೆಯೇ ಗೋವೆಗೂ ಬಂತು. ಅವನು ಸತ್ತ ಮೇಲೆ ತಂಗಿಯನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನು ಅಗೆದು ತೆಗೆದು ಅವನ್ನೂ ಸುಟ್ಟರು. ಹಳೇ ಕ್ರೈಸ್ತ, ಹೊಸ ಕ್ರೈಸ್ತ ಅನ್ನೋ ಭೇದವನ್ನು ಕಾನೂನಿನಿಂದ ಅಳಿಸಿದ್ದು 1773ರಲ್ಲಿ, ಆ ಕ್ರೂರಿ ಪೊಂಬಾಲನೇ.

ಮೂರನೇ ದಿನ ಬೆಲೆಂ ತನಕ ಹೊಳೆದಂಡೆ ಹಿಡಿದು ನಡೆದೆ, ಆರೇಳು ಕಿಲೋಮೀಟರು. ಎಡಕ್ಕೆ ತೇಜು, ಸಮುದ್ರದಷ್ಟೇ ಅಗಲ. ಬೆಲೆಂನಲ್ಲಿ ಎಲ್ಲವೂ ದೊಡ್ಡದು. ಜೆರೋನಿಮುಸ್ ಮಠದ ಕೆಲಸ 1501ರ ಹೊತ್ತಿಗೆ ಶುರುವಾಗಿ ನೂರು ವರ್ಷ ನಡೆಯಿತು. ದುಡ್ಡು ಬಂದದ್ದು ಆಫ್ರಿಕಾ, ಪೂರ್ವದೇಶಗಳ ವ್ಯಾಪಾರದ ಮೇಲೆ ಎತ್ತಿದ ಇಪ್ಪತ್ತರಲ್ಲೊಂದು ಪಾಲಿನ ತೆರಿಗೆಯಿಂದ. ಅದರ ಹೆಸರೇ 'ಮೆಣಸಿನ ವಿಂಶಾಂಶ'. ಕಂಬಗಳ ಮೇಲೆ ಹಗ್ಗ, ಲಂಗರು, ಹವಳ, ಎಲೆಬಳ್ಳಿಗಳ ಕೆತ್ತನೆ. ಮೆಣಸಿನ ಬಳ್ಳಿ ಇದೆಯಾ ಅಂತ ಕತ್ತು ನೋಯುವ ತನಕ ಹುಡುಕಿದೆ, ನನ್ನ ಕಣ್ಣಿಗಂತೂ ಬೀಳಲಿಲ್ಲ. ಒಳಗೆ ವಾಸ್ಕೋ ಡ ಗಾಮನ ಗೋರಿ. ಕಲ್ಲಿನ ಗಾಮ ಕೈಮುಗಿದು ಮಲಗಿದ್ದಾನೆ, ಜನ ಫೋಟೋ ಹಿಡೀತಾರೆ. 1502ರಲ್ಲಿ ಮೆಕ್ಕಾದಿಂದ ವಾಪಸಾಗುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟವನೂ ಇವನೇ ಅನ್ನೋದು ಆ ಮುಗಿದ ಕೈಗಳನ್ನು ನೋಡಿದರೆ ಗೊತ್ತಾಗೋದಿಲ್ಲ.

ಎದುರು ದಂಡೆಯಲ್ಲಿ 'ಶೋಧಗಳ ಸ್ಮಾರಕ'. ಐವತ್ತು ಮೀಟರಿಗೂ ಎತ್ತರದ ಕಲ್ಲಿನ ಹಡಗು, ಮೇಲೆ ಸಾಲುಗಟ್ಟಿದ 33 ವೀರರು. ಹೆಂಗಸು ಒಬ್ಬಳೇ, ಅದೂ ರಾಜಕುಮಾರನ ತಾಯಿ ಅನ್ನೋ ಕಾರಣಕ್ಕೆ. ನೋಡಿದವರು ಐನೂರು ವರ್ಷ ಹಳೇದು ಅಂದುಕೊಳ್ಳಬೇಕು, ಆದರೆ ಮೊದಲು 1940ರ ಒಂದು ಪ್ರದರ್ಶನಕ್ಕೆ ತಾತ್ಕಾಲಿಕವಾಗಿ ನಿಲ್ಲಿಸಿದ್ದು, 1960ರಲ್ಲಿ ಸರ್ವಾಧಿಕಾರಿ ಸಾಲಾಜಾರ್ ಕಾಲದಲ್ಲಿ ಗಟ್ಟಿ ಕಲ್ಲಿನಲ್ಲಿ ಕಟ್ಟಿದ್ದು. ಮರುವರ್ಷವೇ ಗೋವೆ ಕೈಬಿಟ್ಟಿತು.

ಇನ್ನೂ ಮುಂದೆ, ನೀರಿನಲ್ಲೇ ಕಾಲಿಟ್ಟು ನಿಂತ ಹಾಗಿರುವ ಬೆಲೆಂ ಗೋಪುರ. ಅದರ ಒಂದು ಕಾವಲುಗೂಡಿನ ಬುಡದಲ್ಲಿ ಒಂದು ಪ್ರಾಣಿಯ ತಲೆ ಕೆತ್ತಿದ್ದಾರೆ, ಉಪ್ಪುಗಾಳಿಗೆ ಸವೆದುಹೋಗಿ ಕಣ್ಣು ಕಿರಿದು ಮಾಡಿ ನೋಡಬೇಕು. ಗೇಂಡಾಮೃಗ. ಗುಜರಾತಿನ ಸುಲ್ತಾನ ಅಲ್ಬುಕರ್ಕ್‌ನಿಗೆ ಕೊಟ್ಟ ಪ್ರಾಣಿ, ಅವನು ಗೋವೆಯಿಂದ ರಾಜ ಮನುಎಲ್‌ಗೆ ಕಳಿಸಿದ. 1515ರ ಮೇ 20ರಂದು ಇಲ್ಲಿ ಇಳಿಯಿತು. ಪೋರ್ಚುಗೀಸರು ಅದನ್ನು 'ಗಾಂಡಾ' ಅಂತಲೇ ಕರೆದರು. ರಾಜ ಅದನ್ನು ಆನೆಯ ಎದುರು ಕಾಳಗಕ್ಕೆ ಬಿಟ್ಟ, ಆನೆ ಹೆದರಿ ಓಡಿತು. ಆಮೇಲೆ ಪೋಪನಿಗೆ ಕಾಣಿಕೆ ಅಂತ ಹಡಗಿಗೇರಿಸಿದರು, ಇಟಲಿಯ ಹತ್ತಿರ ಹಡಗು ಮುಳುಗಿ, ಸರಪಳಿ ಬಿಗಿದಿದ್ದ ಪ್ರಾಣಿ ಸತ್ತಿತು. ಕಣ್ಣಾರೆ ನೋಡದೆಯೇ ಜರ್ಮನಿಯ ಡ್ಯೂರರ್ ಕೆತ್ತಿದ ಅದರ ಚಿತ್ರ ಮುಂದೆ ಲೋಕಪ್ರಸಿದ್ಧವಾಯ್ತು. ಒಂದು ಪ್ರಾಣಿ ಯಾವ ದಿನ ಇಳಿಯಿತು, ಯಾವ ದಿನ ಕಾದಿತು, ಎಲ್ಲವೂ ದಾಖಲೆಯಲ್ಲಿದೆ.

ನಾಲ್ಕನೇ ದಿನ ಹುಡುಕಿಕೊಂಡು ಹೋದದ್ದು ಒಂದೇ ಬೀದಿಯನ್ನು. ಊರ ನಡುವಿಂದ ಪಶ್ಚಿಮಕ್ಕೆ ಗುಡ್ಡ ಹತ್ತಿ ಇಳಿದರೆ ಸಿಗುತ್ತದೆ. ಇಳಿಜಾರು, ಟ್ರ್ಯಾಮಿನ ಹಳಿ, ಎರಡೂ ಕಡೆ ಸಣ್ಣ ಕಾಫಿ ಅಂಗಡಿ. ಮೂಲೆಯ ಗೋಡೆ ಮೇಲೆ ಬೀದಿಯ ಹೆಸರು, ರುವ ದು ಪೋಸು ದುಸ್ ನೆಗ್ರುಸ್. ಕರಿಯರ ಬಾವಿಯ ಬೀದಿ.

ಗೇಂಡಾಮೃಗ ಬಂದ ಅದೇ 1515ರ ನವೆಂಬರಿನಲ್ಲಿ ಅದೇ ರಾಜ ಮನುಎಲ್ ಊರಾಡಳಿತಕ್ಕೆ ಒಂದು ಪತ್ರ ಬರೆದ. ಆಫ್ರಿಕಾದಿಂದ ತಂದ ಗುಲಾಮರು ಸತ್ತರೆ ಯಜಮಾನರು ಸರಿಯಾಗಿ ಹೂಳುತ್ತಿಲ್ಲ, ಹೆಣಗಳನ್ನು ಬಯಲಲ್ಲಿ, ತಿಪ್ಪೆಯಲ್ಲಿ ಎಸೆಯುತ್ತಾರೆ, ನಾಯಿಗಳು ತಿನ್ನುತ್ತವೆ. ಅದಕ್ಕೆ ಆಳವಾದ ಒಂದು ಬಾವಿ ತೋಡಿ ಅದರೊಳಗೆ ಹಾಕಿಸಿ, ಬೇಗ ಕರಗಲಿ ಅಂತ ಆಗಾಗ ಸುಣ್ಣ ಸುರಿಯಿರಿ. ಬೀದಿಯ ಹೆಸರಿಗೆ ಬೇರೆ ವಿವರಣೆ ಕೊಡೋರೂ ಇದ್ದಾರೆ, ಹತ್ತಿರದಲ್ಲಿದ್ದ ಮಠದ ಸನ್ಯಾಸಿಗಳು ಕಪ್ಪು ನಿಲುವಂಗಿ ತೊಡುತ್ತಿದ್ದರು, ಅವರ ಬಾವಿ ಅದು ಅಂತ. ಪತ್ರ ಕಣ್ಣೆದುರು ಇರುವಾಗ ಆ ವಿವರಣೆ ನನಗೆ ಸರಿ ಅನಿಸೋದಿಲ್ಲ. ಬಾವಿಗೆ ಹಾಕಿದವರ ಹೆಸರು, ಲೆಕ್ಕ ಪತ್ರದಲ್ಲಿಲ್ಲ.

ಬಾವಿ ಎಲ್ಲಿತ್ತು ಅಂತ ತೋರಿಸುವ ಕಲ್ಲು, ಫಲಕ ಏನಾದರೂ ಇದೆಯಾ ಅಂತ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ನಡೆದೆ. ಒಂದು ಕಾಫಿ ಅಂಗಡಿಯಲ್ಲಿ ಕೇಳಿದೆ. ಕಾಫಿ ಕೊಟ್ಟ ಹುಡುಗಿ ಕೇಪ್ ವರ್ಡಿಯವಳಂತೆ, ಹಿಂದೆ ಇವರದೇ ವಸಾಹತು ಆಗಿದ್ದ ಆಫ್ರಿಕಾದ ದ್ವೀಪಗಳು. ಕೌಂಟರಿನ ಹಿಂದಿಂದ ಹೊರಗೆ ಬಂದು, ಬಾಗಿಲಲ್ಲಿ ನಿಂತು, ಗೋಡೆಯ ಮೇಲಿನ ಬೀದಿಯ ಹೆಸರನ್ನು ತೋರಿಸಿ, "ಇಷ್ಟೇ ಇರೋದು" ಅಂದಳು.